ಪರೀಕ್ಷೆ ಇಲ್ಲದ ಓದು



ನಾನೀಗ ಕಾಲೇಜು ಪ್ರವೇಶಕ್ಕಾಗಿ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಗೆ ಓದುತ್ತಿದ್ದೇನೆ. ಓದುವ ಭಾಗದಲ್ಲಿ 60 ನಿಮಿಷ, ಮೂರು ಲೇಖನ, 40 ಪ್ರಶ್ನೆ. ಬರೆಯುವ ಭಾಗಕ್ಕೂ 60 ನಿಮಿಷ. ಗ್ರಾಫ್ ಅಥವಾ ಚಾರ್ಟ್ ನೋಡಿ ಕನಿಷ್ಠ 150 ಪದ ಬರೆಯಬೇಕು. ಆಮೇಲೆ ಕನಿಷ್ಠ 250 ಪದಗಳ ಪ್ರಬಂಧ.

ಈ ಅಭ್ಯಾಸ ನನಗೆ ಹೊಸದಲ್ಲ. ದುಬೈಯ ಈ ಕನ್ನಡ ತರಗತಿಗೆ ಮೊದಲು ಶುಕ್ರವಾರ ಬರುತ್ತಿದ್ದೆವು. 2022ರಲ್ಲಿ ಇಲ್ಲಿನ ವಾರದ ರಜೆ ಬದಲಾದ ಮೇಲೆ ಶನಿವಾರ. ಪಾಠ ಓದಿಸಿದ ಮೇಲೆ ಟೀಚರ್ “ಪುಸ್ತಕ ಮುಚ್ಚಿ, ನಿಮ್ಮ ಮಾತಲ್ಲಿ ಹೇಳಿ” ಎನ್ನುತ್ತಿದ್ದರು. ಗೊತ್ತಿಲ್ಲದ ಪದ ಬಂದರೆ ಅರ್ಥ ಹೇಳುವ ಮೊದಲು ಹಿಂದುಮುಂದಿನ ವಾಕ್ಯ ಓದಿಸುತ್ತಿದ್ದರು. ಇಂಗ್ಲಿಷ್ ಲೇಖನವನ್ನೂ ನಾನು ಹಾಗೆಯೇ ಓದುತ್ತೇನೆ.

ಒಂದು ವ್ಯತ್ಯಾಸವಿದೆ. ಇಂಗ್ಲಿಷಿಗೆ ಪರೀಕ್ಷೆಯಿದೆ, ಅದರ ಅಂಕ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ನನ್ನ ಕನ್ನಡದ ಅಂಕವನ್ನು ನಾನು ಸೇರಬೇಕೆಂದಿರುವ ಯಾವ ಕಾಲೇಜೂ ಕೇಳುವುದಿಲ್ಲ. ಮುಂದಿನ ಶನಿವಾರದಿಂದ ನನಗೆ ತರಗತಿಯೂ ಇಲ್ಲ. ಓದದಿದ್ದರೆ ಬೈಯುವವರೂ ಇಲ್ಲ. ಬಿಟ್ಟರೆ ಕೈ ಒತ್ತಕ್ಷರವನ್ನು ಬೇಗ ಮರೆಯುತ್ತದೆ ಎಂದು ಬೇಸಿಗೆ ರಜೆಗಳಲ್ಲೇ ನೋಡಿದ್ದೇನೆ.

ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅಂದು ಓದಿದ ಇಂಗ್ಲಿಷ್ ಲೇಖನದ ಸಾರವನ್ನು ರಾತ್ರಿ ಐದು ಸಾಲು ಕನ್ನಡದಲ್ಲಿ ಕೈಯಾರೆ ಬರೆದು, ಫೋಟೋ ತೆಗೆದು ಊರಿನ ಅಜ್ಜಿಗೆ ವಾಟ್ಸಾಪ್ ಮಾಡುತ್ತೇನೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವರಿಗೆ ಅರ್ಥವಾದರೆ ನನಗೂ ಅರ್ಥವಾಗಿದೆ ಎಂದೇ ಲೆಕ್ಕ.

ಕಿರಿಯ ತರಗತಿಯ ತಮ್ಮ ತಂಗಿಯರೇ, ನೀವೂ ಮಾಡಿ ನೋಡಿ. ಐದು ಸಾಲು ಸಾಕು.