ಕೈಲಾಸ ಯಾತ್ರೆಗೆ ಮುನ್ನ



2020ರಿಂದ ನಿಂತಿದ್ದ ಕೈಲಾಸ ಯಾತ್ರೆ 2025ರಲ್ಲಿ ಪುನಃ ಆರಂಭವಾಯಿತಷ್ಟೆ. ಜೋಗೇಶ್ವರಿಯ ಪುರಾತನ ಶೈವ ಗುಹೆಗೆ ನಾವು ಮೆಟ್ಟಿಲಿಳಿದು ಹೋಗುತ್ತೇವೆ. ಕೈಲಾಸದ ಪರಿಕ್ರಮಕ್ಕಾದರೋ ಸುಮಾರು 5,600 ಮೀಟರ್ ಎತ್ತರದ ಡೋಲ್ಮಾ ಕಣಿವೆಯನ್ನು ಹತ್ತಿ ದಾಟಬೇಕು. ಅಲ್ಲಿ ಗಾಳಿಯ ಒತ್ತಡ ಮುಂಬಯಿಯದರ ಅರ್ಧದಷ್ಟು ಮಾತ್ರ.

ತಿಂಗಳುಗಳ ಮೊದಲೇ ಲಿಫ್ಟನ್ನು ಬಿಟ್ಟು ಮೆಟ್ಟಿಲೇರೋಣ. ಭಾನುವಾರ ಹೊರೆ ಹೊತ್ತು ಕಾನ್ಹೇರಿಯ ಗುಡ್ಡ ಹತ್ತೋಣ. ಇದರಿಂದ ಕಾಲಿಗೆ ಬಲ ಬಂದೀತು; ಎತ್ತರದ ಕಾಯಿಲೆ ತಪ್ಪದು. ಅದಕ್ಕೆ ನಿಧಾನವೇ ಮದ್ದು. 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಲಾಗದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು.

ಜೊತೆಯವರಿಗೆ ತೊಂದರೆಯಾದೀತೆಂದು ತಲೆನೋವು, ವಾಂತಿಯನ್ನು ಬಚ್ಚಿಡುವುದು ನಮ್ಮ ಹಿರಿಯರ ಸೌಜನ್ಯ. ಅಲ್ಲಿ ಅದೇ ಪ್ರಾಣಕ್ಕೆ ಮುಳುವಾದೀತು. ಕೂಡಲೇ ಹೇಳೋಣ, ಏರುವುದನ್ನು ನಿಲ್ಲಿಸೋಣ, ಹೆಚ್ಚಿದರೆ ಕೆಳಗಿಳಿಯೋಣ. ಇಳಿದುಬಂದರೆ ಭಕ್ತಿಗೆ ಕುಂದಿಲ್ಲ.