ಹೊಲದ ಮಣ್ಣಿನ ಜಮಾಖರ್ಚು



ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಗಳ ಇಳಿಜಾರಾದ ಕೆಂಪು ಹೊಲಗಳಲ್ಲಿ ರಾಗಿ, ಹತ್ತಿ, ಹೊಗೆಸೊಪ್ಪುಗಳನ್ನು ಬೆಳೆಯುವ ಆರಂಭಗಾರನು ಬೀಜ, ಗೊಬ್ಬರ, ಕೂಲಿಗಳ ಲೆಕ್ಕವನ್ನು ತಪ್ಪದೆ ಇಡುವನು. ಮಳೆನೀರಿನೊಡನೆ ಕೊಚ್ಚಿಹೋಗುವ ಮೇಲ್ಮಣ್ಣಾದರೋ ಯಾವ ಖಾತೆಯಲ್ಲಿಯೂ ಕಾಣಿಸದು. ಹೊಗೆಸೊಪ್ಪಿನ ಸಸಿಗಳು ಇನ್ನೂ ಎಳೆಯವಾಗಿ, ನೆಲವು ಬತ್ತಲೆಯಾಗಿರುವಾಗಲೇ ಬಿರುಮಳೆ ಬೀಳುವುದರಿಂದ ಈ ನಷ್ಟವು ಅಧಿಕ.

ಇದನ್ನು ಅಳೆಯುವುದು ಅಸಾಧ್ಯವೇನೂ ಅಲ್ಲ. ಗುರುತು ಹಾಕಿದ ಗೂಟಗಳನ್ನು ಹೊಲದಲ್ಲಿ ನೆಟ್ಟು, ಮಳೆಗಾಲದ ಕೊನೆಗೆ ನೆಲವೆಷ್ಟು ತಗ್ಗಿತೆಂದು ನೋಡಬಹುದು. ಒಂದೇ ಮಿಲಿಮೀಟರ್ ತಗ್ಗಿದರೂ ಎಕರೆಯೊಂದಕ್ಕೆ ಸುಮಾರು 5 ಟನ್ ಮಣ್ಣು ಹೋಯಿತೆಂದರ್ಥ. ಮಳೆಯ ರಭಸ, ಮಣ್ಣಿನ ಗುಣ, ಇಳಿಜಾರು, ಪೈರಿನ ಹೊದಿಕೆ, ರಕ್ಷಣೋಪಾಯ ಇವುಗಳಿಂದ ವಾರ್ಷಿಕ ನಷ್ಟವನ್ನು ಗುಣಿಸುವ ಸೂತ್ರವನ್ನು ಅಮೆರಿಕದ ವಿಷ್‌ಮೈಯರ್ ಮತ್ತು ಸ್ಮಿತ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದರು.

ಹೋದ ಮಣ್ಣಿನಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಗೊಬ್ಬರದ ಬೆಲೆ ಕಟ್ಟಿದರೆ ನಷ್ಟವು ರೂಪಾಯಿಗಳಲ್ಲಿ ವ್ಯಕ್ತವಾಗುವುದು. ಇದೂ ಪೂರ್ಣ ಲೆಕ್ಕವಲ್ಲ. ಆ ಮಣ್ಣು ಕೆರೆ ಕಾಲುವೆಗಳಲ್ಲಿ ಹೂಳಾಗಿ, ಕೃಷ್ಣರಾಜನಗರದ ಗದ್ದೆಬಯಲಿನಂಥ ತಗ್ಗುಸೀಮೆಗಳಿಗೂ ಹೂಳೆತ್ತುವ ವೆಚ್ಚವನ್ನು ತರುವುದು. 1974ರಲ್ಲಿ ಪೂರ್ಣಗೊಂಡ ಕಬಿನಿಯಂಥ ಜಲಾಶಯಗಳ ಆಳವನ್ನೂ ಕುಗ್ಗಿಸುವುದು.

ಅಂಗುಲ ಮಣ್ಣು ಹುಟ್ಟಲು ಶತಮಾನಗಳು ಬೇಕು. ಹೋಗಲು ಕೆಲವು ಮಳೆಗಾಲಗಳು ಸಾಕು. ಆದುದರಿಂದ ಇಳಿಜಾರಿಗೆ ಅಡ್ಡಲಾಗಿ ಉಳುವುದೂ ಬದು ಕಟ್ಟುವುದೂ ಅವಶ್ಯ. ಬದುವಿನ ಖರ್ಚಿಗೆ ಹಿಂಜರಿಯುವವನು ಮೊದಲು ಹೋದ ಮಣ್ಣಿನ ಬೆಲೆಯನ್ನು ಬರೆದು ನೋಡಲಿ.