ಪಾತ್ರದ ಮರೆಯಲ್ಲಿ ಮನಸ್ಸು



ವ್ಯಕ್ತಿತ್ವ ವಿಕಸನ ಶಿಬಿರಗಳು ಈಗ ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ನಮ್ಮ ತಾಲ್ಲೂಕುಗಳಿಗೂ ಬಂದಿವೆ. ಮನೋವಿಶ್ಲೇಷಣೆಯ ನಾಲ್ಕು ಮಾತು, ತತ್ತ್ವಶಾಸ್ತ್ರದ ಎರಡು ಮಾತು, ಒಂದಿಷ್ಟು ಚಿತ್ರ, ಹಾಡು, ಅಭಿನಯ. ಆಮೇಲೆ ಎಲ್ಲರನ್ನೂ ಸುತ್ತ ಕೂರಿಸಿ, ‘ನಿಮ್ಮ ನೋವು ಹೇಳಿಕೊಳ್ಳಿ’ ಎನ್ನುತ್ತಾರೆ. ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಬಗ್ಗೆ. ದೊಡ್ಡ ನಗರದಲ್ಲಿ ಅತ್ತು ಹಗುರಾದವರು ಮರುದಿನ ಜನಜಂಗುಳಿಯಲ್ಲಿ ಕರಗಿಹೋಗಬಹುದು. ಇಲ್ಲಿ ಪಕ್ಕದಲ್ಲಿ ಕೂತವರು ಅತ್ತಿಗೆಯ ತವರಿನವರು, ಇಲ್ಲವೇ ಮಗನ ಮೇಷ್ಟ್ರು. ಹೇಳಿದ ಮಾತು ಊಟದ ಹೊತ್ತಿಗೆ ಪೇಟೆ ತಲುಪಿರುತ್ತದೆ.

ಹಾಗಾದರೆ ಮನಸ್ಸು ಬಿಚ್ಚುವುದೇ ಬೇಡವೆ? ಬೇಕು. ಅದಕ್ಕೊಂದು ದಾರಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಮಳೆಗಾಲದ ರಾತ್ರಿಯ ತಾಳಮದ್ದಳೆಯನ್ನು ನೆನೆಯಿರಿ. ಬಣ್ಣವಿಲ್ಲ, ಕಿರೀಟವಿಲ್ಲ, ಪಂಚೆ-ಶಲ್ಯದಲ್ಲೇ, ಪಾತ್ರದ ಮಾತಾಡುವ ಅರ್ಥಧಾರಿ ಕೂತಿದ್ದಾನೆ. ಪ್ರಸಂಗ ‘ಕರ್ಣಭೇದನ’. ಹಾಡುವ ಭಾಗವತರು ಪದ್ಯ ಮುಗಿಸಿದ್ದಾರೆ. ನೀನು ಕುಂತಿಯ ಹಿರಿಯ ಮಗ ಎಂದು ಕೃಷ್ಣ ಹೇಳಿಯಾಗಿದೆ. ಕರ್ಣ ಈಗ ಏನೆನ್ನಬೇಕು? ಪದ್ಯ ದಿಕ್ಕು ತೋರಿಸುತ್ತದೆಯೇ ಹೊರತು ಮಾತು ಕೊಡುವುದಿಲ್ಲ. ಹೆತ್ತವಳ ಮೇಲಿನ ಸಿಟ್ಟು, ಸಾಕಿದ ರಾಧೆಯ ಋಣ, ಕೌರವನ ಅನ್ನ, ಇವುಗಳಲ್ಲಿ ಯಾವುದನ್ನು ಮುಂದೆ ತರಬೇಕೆಂಬುದನ್ನು ಅರ್ಥಧಾರಿ ಅಲ್ಲೇ ತೀರ್ಮಾನಿಸಬೇಕು. ಎದುರಿನವರು ಅನಿರೀಕ್ಷಿತ ಪ್ರಶ್ನೆಯೊಂದನ್ನು ಎಸೆದರೆ ಸಿದ್ಧಮಾಡಿಕೊಂಡು ಬಂದ ಮಾತು ಕೈಕೊಡುತ್ತದೆ. ಆಗ ಬಾಯಿಗೆ ಬರುವ ಮಾತು ಕರ್ಣನದೂ ಹೌದು, ಆಡಿದವನದೂ ಹೌದು. ಎಷ್ಟು ಯಾರದೆಂದು ಸಭೆ ಕೇಳುವುದಿಲ್ಲ. ಆ ಕೇಳದಿರುವಿಕೆಯೇ ಅವನಿಗೆ ಸಿಕ್ಕ ರಕ್ಷೆ. ಮುಂದಿನ ಕೂಟದಲ್ಲಿ ಅವನೇ ಕೃಷ್ಣನಾಗಿ ಎದುರು ಪಕ್ಷ ವಹಿಸಬೇಕಾಗಬಹುದು. ತಾನು ಒಪ್ಪದ ಮಾತನ್ನೂ ಒಳಗಿನಿಂದ ಸಮರ್ಥಿಸಬೇಕಾದ ಈ ಕಷ್ಟವೇ ತತ್ತ್ವಶಾಸ್ತ್ರದ ನಿಜವಾದ ಅಭ್ಯಾಸ ಎಂದು ನಾನು ತಿಳಿದಿದ್ದೇನೆ.

ಪಾತ್ರದ ಮೂಲಕ ಮನಸ್ಸು ಬಿಚ್ಚುವ ದಾರಿ ಬೇರೆಡೆಯೂ ಕಂಡಿದೆ. ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ ಇದ್ದ ವಿಯೆನ್ನಾದಲ್ಲೇ 1920ರ ದಶಕದಲ್ಲಿ ಮೊರೆನೊ ಎಂಬ ವೈದ್ಯರು ಆಶು ನಾಟಕದ ಪ್ರಯೋಗಗಳನ್ನು ನಡೆಸಿದರು. ಅದೇ ಮುಂದೆ ಮನೋನಾಟಕ ಎಂಬ ಚಿಕಿತ್ಸೆಯಾಯಿತು. ನಮ್ಮ ಅಜ್ಜಿಯರ ಕಥೆಗಳೂ ಇದೇ ಕೆಲಸ ಮಾಡಿವೆ. 1963ರಲ್ಲಿ ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಕಿತ್ತೂರಿನಲ್ಲಿ ಮಗನನ್ನೇ ಮದುವೆಯಾಗುವ ತಾಯಿಯ ಕಥೆಯೊಂದನ್ನು ಕೇಳಿ ಬರೆದುಕೊಂಡರು. ಫ್ರಾಯ್ಡ್ ತಿಳಿಯದೆ ತಾಯಿಯನ್ನೇ ಮದುವೆಯಾದ ಈಡಿಪಸ್‌ನ ಕಥೆಯನ್ನು ಮಗನ ಕಡೆಯಿಂದ ನೋಡಿದರೆ, ಕಿತ್ತೂರಿನ ಕಥೆ ತಾಯಿಯ ಸಂಕಟವನ್ನು ಹೇಳುತ್ತದೆ. ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ್ದನ್ನು ಕಥೆಯಲ್ಲಿ ಆಡಬಹುದಿತ್ತು.

ಇಲ್ಲೇ ಹತ್ತಿರದ ಹೆಗ್ಗೋಡಿಗೆ ಬರೋಣ. 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಬೆಳೆಸಿದ ಸಂಸ್ಕೃತಿ ಶಿಬಿರವನ್ನು ಯಾರೂ ವ್ಯಕ್ತಿತ್ವ ವಿಕಸನ ಎಂದು ಕರೆಯಲಿಲ್ಲ. ಮೇಲಿಗೆಯಲ್ಲಿ ಹುಟ್ಟಿದ ಸಾಹಿತಿ ಯು.ಆರ್. ಅನಂತಮೂರ್ತಿಯವರು ವರ್ಷಗಟ್ಟಲೆ ಅಲ್ಲಿ ಮಾತು ನಡೆಸಿಕೊಟ್ಟರು. ರಾತ್ರಿ ನಾಟಕ, ಬೆಳಿಗ್ಗೆ ಅದರ ಚರ್ಚೆ. ಚರ್ಚೆಯ ವಸ್ತು ನಾಟಕವೇ ಹೊರತು ಶಿಬಿರಾರ್ಥಿಯ ಸಂಸಾರವಲ್ಲ. ಆದರೂ ನಾಟಕದ ಪಾತ್ರದ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಮನುಷ್ಯ ತನ್ನ ಬಗ್ಗೆಯೇ ಯೋಚಿಸತೊಡಗುತ್ತಾನೆ. ಇದನ್ನು ಬಲವಂತದಿಂದ ಮಾಡಿಸಲು ಬರುವುದಿಲ್ಲ.

ಒಂದು ಎಚ್ಚರವನ್ನು ಮಾತ್ರ ಹೇಳಲೇಬೇಕು. ಕಲೆ ಔಷಧಿಯಲ್ಲ, ಶಿಬಿರ ನಡೆಸುವವರು ವೈದ್ಯರಲ್ಲ. ಶಿವಮೊಗ್ಗದ ಮನೋವೈದ್ಯ ಅಶೋಕ್ ಪೈ ಅವರು ಈ ಗೆರೆಯನ್ನು ಬಲ್ಲವರಾಗಿದ್ದರು. ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನೋವಿಜ್ಞಾನವನ್ನು ಜನರ ಬಳಿಗೆ ಒಯ್ದರು, ಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ನಿದ್ರೆಗೆಟ್ಟು ಸಾವಿನ ಮಾತಾಡುವ ಹುಡುಗನಿಗೆ ಕರ್ಣನ ಪಾತ್ರ ಕೊಟ್ಟು ಕೂರಿಸುವುದು ಅಪರಾಧ.

ಆದ್ದರಿಂದ ಶಿಬಿರ ನಡೆಸುವ ಶಿಕ್ಷಕರಲ್ಲಿ, ಯುವಕ ಸಂಘಗಳವರಲ್ಲಿ ನನ್ನದೊಂದು ವಿನಂತಿ. ಮಕ್ಕಳಿಂದ ಅವರ ಮನೆಯ ಕಥೆ ಕೇಳಬೇಡಿ. ಒಂದು ಪ್ರಸಂಗ ಕೊಡಿ, ಪಕ್ಷ ಬದಲಿಸಿ ಮಾತಾಡಿಸಿ, ಆಮೇಲೆ ಪಾತ್ರದ ಬಗ್ಗೆಯಷ್ಟೇ ಚರ್ಚಿಸಿ. ಯಾರದಾದರೂ ಸಂಕಟ ನಿಮ್ಮ ಅಳವಿಗೆ ಮೀರಿದ್ದೆಂದು ಕಂಡರೆ ತಡಮಾಡದೆ ವೈದ್ಯರ ಬಳಿ ಕಳಿಸಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಶಿಬಿರದ ಕರಿಹಲಗೆಯ ಮೇಲೆ ಮೊದಲ ದಿನವೇ ಬರೆದಿಡಿ.